ಎರಡು ಕಡಿಮೆ

ಸುಲ್ತಾನ್‌ಪೇಟೆಯಲ್ಲಿ ಇಪ್ಪತ್ತಾರು ವರ್ಷ
ಲಗ್ನಪತ್ರಿಕೆ ಕತ್ತರಿಸಿದವನು ನಾನು.
ರೀಮಿಗೆ ಐನೂರು ಹಾಳೆ.
ಹೆಬ್ಬೆರಳಲ್ಲಿ ಅಂಚು ಸವರಿದರೆ ಸಾಕು,
ಎರಡು ಕಡಿಮೆಯಿದ್ದರೂ ಗೊತ್ತಾಗುತ್ತಿತ್ತು.
ಬಂಡಲು ಹಾಗೇ ವಾಪಸ್ಸು.

ಆ ಹೆಬ್ಬೆರಳು ಈಗಿಲ್ಲ. ಪಕ್ಕದ್ದು ಅರ್ಧ ಇದೆ.
ಆಷಾಢದ ಕೊನೇ ವಾರ, ಶ್ರಾವಣದ ಮದುವೆಗಳೆಲ್ಲ
ಒಟ್ಟಿಗೆ ಬಂದು ಬಿದ್ದಿದ್ದವು,
ಯಾರದೋ ಮುಹೂರ್ತದ ಮೇಲೆ ಅಲಗು ಇಳಿಯಿತು.
ಆ ಕಾರ್ಡು ಮತ್ತೆ ಅಚ್ಚು ಹಾಕಿಸಿದರಂತೆ.
ಕೆಂಪು ಕಾರ್ಡೇ, ಆದರೂ ಅದು ಬೇರೆ ಕೆಂಪು.

ದೊಡ್ಡಾಸ್ಪತ್ರೆಯ ಬೋರ್ಡಿನ ಮುಂದೆ ಕೈ ಚಾಚಿ ಕೂತೆ.
ಡಾಕ್ಟರು ಅಳೆದರು, ಮಡಚಿಸಿದರು,
"ಎಡಗೈಲಿ ಬರೀತೀರಾ?"
"ಬರೀತೀನಿ ಸಾರ್," ಅಂದೆ, ಹೆಮ್ಮೆಯಿಂದ.
ಶೇಕಡ ಮೂವತ್ತೆಂಟು ಅಂತ ಸೀಲು ಬಿತ್ತು.
ಪಿಂಚಣಿಗೆ ನಲವತ್ತು ಬೇಕು.
ಬಂಡಲು ಹಾಗೇ ವಾಪಸ್ಸು.

ಗೇಟಿನಾಚೆ ಜೆರಾಕ್ಸ್ ಅಂಗಡಿಯ ನೆರಳಲ್ಲಿ
ಒಬ್ಬ ಪಿಸುಗುಟ್ಟಿದ: "ಎಂಟು ಸಾವಿರ ಕೊಡಿ,
ನಲವತ್ತೈದು ಮಾಡಿಸ್ತೀನಿ."
ಬೆರಳು ಹೋದಾಗ ಮಾಲೀಕ ಕೊಟ್ಟಿದ್ದೇ ಹತ್ತು.
ಶೇಕಡಕ್ಕೆ ಎಷ್ಟು ಬಿತ್ತು ಅಂತ
ಬಸ್ಸಲ್ಲಿ ಲೆಕ್ಕ ಹಾಕುತ್ತಾ ಕೂತವನು
ಕಾರ್ಪೊರೇಷನ್ ದಾಟಿ ಮೈಸೂರು ಬ್ಯಾಂಕಿಗೆ ಬಂದಿದ್ದೆ.

ಇಳಿದು ವಾಪಸ್ಸು ನಡೆಯುವಾಗ ಸಿಕ್ಕಿದ್ದು
ಕೋರ್ಟಿನ ಕಾಂಪೌಂಡಲ್ಲಿ ಒಂದು ಬೋರ್ಡು:
ಉಚಿತ ಕಾನೂನು ನೆರವು.
ವಕೀಲೆ ಜುಬೇದಾ ಮೇಡಂ. ಮೇಜಿನ ಗಿಡ್ಡ ಕಾಲಿಗೆ
ಹಳೇ ಕೇಸಿನ ರಟ್ಟು ಮಡಚಿ ಕೊಟ್ಟಿತ್ತು.
"ಫೀಸು?"
"ಇಲ್ಲ. ಕೂತ್ಕೊಳ್ಳಿ. ಬೆಳಿಗ್ಗೆ ಎದ್ದಾಗಿಂದ ಹೇಳಿ."

ಎಲ್ಲಾ ಮಾಡ್ಕೋತೀನಿ ಮೇಡಂ, ಏನೂ ತೊಂದರೆಯಿಲ್ಲ.

ಪೆನ್ನು ಕೆಳಗಿಟ್ಟರು.
"ಮುನಿಯಲ್ಲಪ್ಪನವರೇ, ಆ ಮಾತು
ನೆಂಟರ ಮುಂದೆ ಆಡೋದು.
ಇವತ್ತು ಅಂಗಿ ಗುಂಡಿ ಯಾರು ಹಾಕಿದ್ದು?"

ಹೆಂಡತಿ.
"ಊಟ?"
ಎಡಗೈಲಿ ಮುದ್ದೆ ಮುರೀತೀನಿ. ಮನೇಲಿ ಮಾತ್ರ.
"ಹೊರಗೆ?"
ಹೋಗಲ್ಲ. ತಂಗಿ ಮಗಳ ಮದುವೇಲಿ
ಮೂರು ಪಂಕ್ತಿ ಏಳೋವರೆಗೂ
ಚಪ್ಪಲಿ ಕಾಯೋ ನೆಪದಲ್ಲಿ ಬಾಗಿಲಲ್ಲೇ ನಿಂತಿದ್ದೆ.
"ಬ್ಯಾಂಕು?"
ಸಹಿ ಹೊಂದಲ್ಲ ಅಂತಾರೆ. ನಿಜ, ಹೊಂದಲ್ಲ.
ಮೂರನೇ ಕ್ಲಾಸಿನ ಹುಡುಗ ಯಾರೋ
ನನ್ನ ಹೆಸರು ಕಲಿಯುತ್ತಿರೋ ಹಾಗಿದೆ.

ಅವರು ಬರೆಯುತ್ತಾ ಹೋದರು.
ನಾಲ್ಕು ವರ್ಷ ನಾನು ಬಚ್ಚಿಟ್ಟಿದ್ದೆಲ್ಲ
ಕೋರ್ಟಿನ ಕನ್ನಡದಲ್ಲಿ ಎದ್ದು ನಿಂತಿತು.
'ಸದರಿ ಅರ್ಜಿದಾರರು ಅನ್ಯರ ನೆರವಿಲ್ಲದೆ
ವಸ್ತ್ರ ಧರಿಸಲು ಅಶಕ್ತರಾಗಿದ್ದು...'
ಓದಿ ಹೇಳುವಾಗ ಆ ಸದರಿಯವನ ಮೇಲೆ
ಮೊದಲು ಕನಿಕರ ಬಂತು, ಆಮೇಲೆ ಸಿಟ್ಟು.
ಆಮೇಲೆ ಅವನು ನಾನೇ ಅಂತ ನೆನಪಾಗಿ
ನೀರು ಕೇಳಿದೆ.

ನಲವತ್ತು ಸಿಗುತ್ತಾ ಮೇಡಂ?
"ಗೊತ್ತಿಲ್ಲ. ಮರುಪರೀಕ್ಷೆ ಕೇಳ್ತೀವಿ.
ಈ ಸಲ ಬೋರ್ಡಿನ ಮುಂದೆ ಹೆಮ್ಮೆ ಮನೇಲಿಟ್ಟು ಬನ್ನಿ."
ಸ್ವಲ್ಪ ಯೋಚಿಸಿ, "ಬೇಡ. ಅದನ್ನೂ ತನ್ನಿ.
ಆದರೆ ನಿಜ ಮೊದಲು ಮಾತಾಡಲಿ."

ಹದಿನಾಲ್ಕು ಹಾಳೆ. ಅಂಚು ಕೂಡಿಸದೆ
ಹಾಗೇ ದಾರ ಹಾಕಲು ಹೊರಟರು. ನೋಡಲಾಗಲಿಲ್ಲ.
ಇಸಕೊಂಡೆ. ಮೇಜಿಗೆ ಕುಟ್ಟಿ ಸಮ ಮಾಡಿದೆ,
ಮೊಣಕೈಯಲ್ಲಿ ಅದುಮಿ, ತೂತಿಗೆ ದಾರ ತೂರಿಸಿ,
ತುದಿ ಹಲ್ಲಲ್ಲಿ ಕಚ್ಚಿ ಗಂಟು ಬಿಗಿದೆ.
ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ತಲೆಯೆತ್ತಿದರೆ, ಮೇಡಂ ಹೊಸ ಹಾಳೆ ತೆಗೆದು
ಬರೆಯುತ್ತಿದ್ದಾರೆ:
'ಗಂಟು ಹಾಕಲು ಹಲ್ಲು ಬಳಸುತ್ತಾರೆ.'
"ಬಿಚ್ಚಿ, ಮುನಿಯಲ್ಲಪ್ಪನವರೇ," ಅಂದರು,
"ಇದೊಂದು ಸೇರಬೇಕು."