ಒಂಬತ್ತನೇ ಕೋಣೆಯ ಗಂಟೆ

ಹೇಳಿ ಬರುವಂತಿಲ್ಲ ನಾವು. ಅದು ನಿಯಮ.
ಅಬರ್ಡೀನಿನಿಂದ ಒಂದೂವರೆ ತಾಸಿನ ಹಿಮದ ದಾರಿ.
ಏಳೂಕಾಲಿಗೆ, ಇನ್ನೂ ಕತ್ತಲಿರುವಾಗ,
ಕಾಲೊರಸಿನ ಮೇಲೆ ಬೂಟು ಕೊಡವಿ
ಕೊರಳ ಗುರುತುಚೀಟಿ ಎತ್ತಿ ತೋರಿಸಿದೆ.
ಬಾಗಿಲು ತೆರೆದವಳ ಮುಖ
ಒಲೆಯ ಮೇಲೆ ಹಾಲಿಟ್ಟದ್ದು ತಟ್ಟನೆ ನೆನಪಾದವರಂತಾಯಿತು.

ಮನೆಯ ಹೆಸರು ‘ಬಂದರು ನೋಟ’.
ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ,
ಅದರಾಚೆ ಮೀನು ಕಾರ್ಖಾನೆಯ ಬೆನ್ನು.
ಬಂದರು ಇದೆ, ವಾಸನೆಯಲ್ಲಿ.

ಕಡತಗಳು ಮಾತ್ರ ಮದುವಣಗಿತ್ತಿಯರ ಹಾಗೆ ಸಿಂಗರಿಸಿಕೊಂಡು ಕೂತಿದ್ದವು:
ಯಾರು ಎಷ್ಟು ನೀರು ಕುಡಿದರು, ಯಾವಾಗ ಮಗ್ಗುಲು ಬದಲಿಸಿದರು,
ಯಾವ ಗುಳಿಗೆ, ಯಾರ ಸಹಿ.
ಇಪ್ಪತ್ತೆರಡು ವರ್ಷದ ಈ ಕೆಲಸ ಕಲಿಸಿದ್ದು ಇಷ್ಟೇ:
ಒಂದೂ ತಪ್ಪಿಲ್ಲದ ಪುಟವನ್ನು ಎರಡು ಸಲ ಓದು,
ಆಮೇಲೆ ಮುಚ್ಚಿಟ್ಟು
ಕುರ್ಚಿ ಎಳೆದುಕೊಂಡು ಸುಮ್ಮನೆ ಕೂರು.

ಕೂತೆ.

ವಾಟಿ ಬುಕಾನರ ಮುಂದೆ ಓಟ್ಸ್ ಗಂಜಿ ಬಂತು.
ಲಕ್ವ ಹೊಡೆದದ್ದು ಎಡಗೈಗೆ. ಬಟ್ಟಲಿಟ್ಟದ್ದು ಎಡಕ್ಕೆ, ದೂರ.
ಅದನ್ನವರು ನೋಡಿದರು
ಆಚೆ ದಡದ ದೋಣಿ ನೋಡುವ ಹಾಗೆ.
ಇಪ್ಪತ್ತು ನಿಮಿಷಕ್ಕೆ ಗಂಜಿಯ ಮೇಲೆ ಪೊರೆ ಕಟ್ಟಿತು,
ಬಟ್ಟಲು ವಾಪಸು ಹೋಯಿತು.
‘ತಿಂಡಿ: ಪೂರ್ತಿ’ ಎಂದು ಬರೆದುಕೊಂಡ ಹುಡುಗನಿಗೆ
ಹತ್ತೊಂಬತ್ತಿರಬಹುದು. ಕೆಟ್ಟವನಲ್ಲ,
ಹೋಗುತ್ತ ವಾಟಿಯವರ ಭುಜ ಮೆಲ್ಲಗೆ ತಟ್ಟಿದ.

ಕಿಟಕಿಯ ಪಕ್ಕ ಇಶ್‌ಬೆಲ್ ಮೋವಟ್, ತೊಂಬತ್ತಮೂರು.
ಮಡಿಲಲ್ಲಿ ಕೈಗಳು ಒಂದೇ ಸಮ ಆಡುತ್ತಿದ್ದವು:
ಹಿಡಿದು, ಚುಚ್ಚಿ, ತಿರುವಿ, ಎಸೆದು,
ಹಿಡಿದು, ಚುಚ್ಚಿ, ತಿರುವಿ, ಎಸೆದು.
‘ಚಡಪಡಿಕೆ’ ಎಂದಿತ್ತು ಕಡತ.
‘ಔಷಧಿ ಹೆಚ್ಚಿಸಲು ವೈದ್ಯರನ್ನು ಕೇಳುವುದು.’
ನನ್ನಜ್ಜಿಯೂ ಇದೇ ಕರಾವಳಿಯವಳು.
ಚಡಪಡಿಕೆಯಲ್ಲ ಅದು, ಹೆರಿಂಗ್ ಮೀನಿನ ಕರುಳು ತೆಗೆಯುವುದು,
ಉಪ್ಪು ಗಾಯಕ್ಕಿಳಿಯದಂತೆ ಬೆರಳಿಗೆ ಚಿಂದಿ ಸುತ್ತಿ
ದಿನವಿಡೀ, ನಿಂತೇ.
ಹದಿನೈದಕ್ಕೆ ಹಿಡಿದ ಚೂರಿ.
ಸಾಕು, ಇಳಿಸು ಎಂದು ಆ ಕೈಗಳಿಗೆ
ಯಾರೂ ಹೇಳಿಲ್ಲ ಅಂದುಕೊಂಡೆ.

ಹನ್ನೊಂದಕ್ಕೆ ಒಂಬತ್ತನೇ ಕೋಣೆ. ಖಾಲಿ.
ಬರಿ ಮಂಚ. ಗೋಡೆಯಲ್ಲಿ ಫೋಟೋ ಇದ್ದಷ್ಟು ಜಾಗ ಬೆಳ್ಳಗೆ.
ಗಂಟೆ ಒತ್ತಿ ಗಡಿಯಾರ ನೋಡುತ್ತ ನಿಂತೆ.
ಒಂದು ನಿಮಿಷ. ನಾಲ್ಕು.
ಏಳು ನಿಮಿಷ ಎಷ್ಟು ಉದ್ದವೆಂದು
ಒದ್ದೆ ಹಾಸಿಗೆಯಲ್ಲಿ ಮಲಗಿದವರನ್ನು ಕೇಳಬೇಕು.
ಹನ್ನೊಂದನೇ ನಿಮಿಷಕ್ಕೆ ಓಡುವ ಹೆಜ್ಜೆ,
ಬಾಗಿಲು ತಳ್ಳುತ್ತಲೇ ದನಿ:
“ಬಂದೆ ಎಫೀ, ಬಂದೆ, ಬೈಬೇಡ ನನ್ನ...”

ಗ್ರಜಿನಾ. ಪೋಲೆಂಡಿನವಳು. ಮೊಣಕೈವರೆಗೆ ಸೋಪಿನ ನೊರೆ.
ಎಫೀ ಹೋಗಿ ಐದು ದಿನವಾಗಿತ್ತು.
ನನ್ನ ಕಂಡು ನಿಂತಳು. ಮಂಚ ನೋಡಿದಳು.
“ಕಾಲಿಗೆ ಇನ್ನೂ ಗೊತ್ತಾಗಿಲ್ಲ” ಎಂದಳು.
ಹದಿನಾರು ಜನಕ್ಕೆ ಇವತ್ತು ಅವಳು, ಆ ಹುಡುಗ. ಅಷ್ಟೇ.

ಅವಳ ಏಪ್ರನ್ನಿನ ಜೇಬಿಂದ ಇಣುಕುತ್ತಿದ್ದವು
ಒಗೆದು ಸುರುಳಿ ಸುತ್ತಿದ ಹಳೇ ಬಟ್ಟೆಯ ಪಟ್ಟಿಗಳು.
ಇದೇನೆಂದೆ. ಬೈಸಿಕೊಳ್ಳಲು ತಯಾರಾಗಿ ಹೇಳಿದಳು:
“ಇಶ್‌ಬೆಲ್‌ಗೆ. ರಾತ್ರಿ ಪಾಳಿ ಸಿಕ್ಕಾಗ ಬೆರಳಿಗೆ ಕಟ್ಟಿಕೊಡ್ತೇನೆ,
ಒಂದೊಂದಕ್ಕೂ. ಸ್ವಲ್ಪ ಹೊತ್ತು ಬಿಟ್ಟು ಬಿಚ್ಚುತ್ತ
ಮುಗೀತು, ಕೊನೇ ಪೀಪಾಯಿನೂ ತುಂಬ್ತು ಅಂತೇನೆ.
ಮಲಗಿಬಿಡ್ತಾರೆ.”
ಬರೆದಿಟ್ಟಿದ್ದೀಯಾ?
“ಎಲ್ಲಿ ಬರೆಯೋದು?”

ಸಂಜೆ ನಾಲ್ಕಕ್ಕೇ ಕತ್ತಲು. ಕಾರಿನೊಳಗೆ ಹೀಟರ್ ಹಾಕಿ
ಅಂಕ ಹಾಕಿದೆ: ಆರಕ್ಕೆ ಎರಡು. ‘ದುರ್ಬಲ.’
ಹನ್ನೊಂದು ನಿಮಿಷದ ಗಂಟೆಗೆ, ತಿನ್ನದೆ ತಿಂದ ಗಂಜಿಗೆ,
ಹದಿನಾರಕ್ಕೆ ಇಬ್ಬರನ್ನಿಟ್ಟು ಲಾಭ ಎಣಿಸುವವರಿಗೆ.
ಯಾರು ಹೇಳಿದರೂ ಬದಲಿಸುವವಳಲ್ಲ.
ಆದರೆ ಆ ಎರಡು ತೂಗುವುದು ಮುಂಬಾಗಿಲ ಬೋರ್ಡಿನಲ್ಲಿ,
ಅದರ ಕೆಳಗೇ ಗ್ರಜಿನಾ ದಿನಾ ಕೋಟು ಕಳಚಬೇಕು.
ಔಷಧಿಯ ಸಾಲಿನೆದುರು ‘ಬೇಡ, ಬಟ್ಟೆ ಕಟ್ಟಿ’ ಎಂದು ಬರೆದು
ಹೊಡೆದು ಹಾಕಿ
ಕಚೇರಿಯ ಭಾಷೆಯಲ್ಲಿ ಮತ್ತೆ ಬರೆದೆ.

ಕೀಲಿ ತಿರುವಿದಾಗ ನೆನಪಾಯಿತು,
ವಾಟಿಯವರ ಬಟ್ಟಲು.
ಇಪ್ಪತ್ತು ನಿಮಿಷ ನಾನೂ ನೋಡುತ್ತ ಕೂತಿದ್ದೆನಲ್ಲ
ಪೆನ್ನು ಹಿಡಿದು.
ಐದಕ್ಕೆ ಸೂಪಿನ ಗಾಡಿ ಬರುತ್ತದೆ.
ಇಂಜಿನ್ ಆರಿಸಿ ಇಳಿದೆ.