ರಾತ್ರಿ: ಎಷ್ಟರಿಂದ ಎಷ್ಟರವರೆಗೆ

ನಮೂನೆಯ ಒಂಬತ್ತನೆಯ ಕಲಂ ಅದು.
ಉಳಿದದ್ದೆಲ್ಲ ಸಲೀಸಾಗಿ ತುಂಬಿದ್ದೆ:
ಹೆಸರು ಓಲೌಗ್. ವಯಸ್ಸು ಎಂಬತ್ತಾರು.
ಊರು ವರ್ದೊ, ನಾರ್ವೆಯ ನೆತ್ತಿಯಲ್ಲಿ
ಗಾಳಿಗೆ ಮರವೇ ನಿಲ್ಲದ ದ್ವೀಪ.
ಒಂದು ಮೊಣಕಾಲು ಲೋಹದ್ದು. ಬೆಕ್ಕು ಇಲ್ಲ.
(ಇದ್ದಿದ್ದರೆ ಸೆನ್ಸರ್ ಒಂದು ಗೇಣು ಮೇಲೆ.)

"ರಾತ್ರಿ ಹೊತ್ತು ನೀವು ಹೊಸಿಲು ದಾಟಿದರೆ
ನಮಗೆ ತಿಳಿಯುತ್ತೆ. ನಿಮ್ಮ ರಾತ್ರಿ ಎಷ್ಟಕ್ಕೆ ಶುರು?"
ನಲವತ್ತು ವರ್ಷ ಕಾರ್ಖಾನೆಯಲ್ಲಿ
ಮೀನಿನ ಬೆನ್ನೆಲುಬು ಬಿಡಿಸಿದ ಕೈ
ಕಾಫಿ ಬಗ್ಗಿಸುತ್ತ ಅರ್ಧಕ್ಕೇ ನಿಂತಿತು.
"ಯಾವ ತಿಂಗಳ ರಾತ್ರಿ, ಮಗಾ?"

ನಾನು ದಕ್ಷಿಣದವನು, ಬಂದು ಎರಡು ವಾರ.
ಜೂನ್. ರಾತ್ರಿ ಹತ್ತರ ಬಿಸಿಲು ಕಿಟಕಿಯಲ್ಲಿ
ಏಳು ಅಂದರೂ ಏಳದ ನೆಂಟನ ಹಾಗೆ ಕೂತಿತ್ತು.
ಎರಡು ಗಂಟೆಗೆ ಎದ್ದು ಬೇಲಿಗೆ ಬಣ್ಣ ಬಳಿಯುತ್ತಾಳಂತೆ,
ಮೆಟ್ಟಿಲ ಕೆಳಗೆ ಕಾವಿಗೆ ಕೂತ ಬಾತುಕೋಳಿಯ
ಕ್ಷೇಮ ವಿಚಾರಿಸುತ್ತಾಳಂತೆ.
ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಬಿಡದು.
ಹನ್ನೆರಡರಿಂದ ಹನ್ನೆರಡೂ ಒಂದು, ಎಂದು ಬರೆದೆ.
"ಒಂದು ನಿಮಿಷ ತಾನೆ,
ತಡಕೊಳ್ಳುತ್ತೇನೆ," ಅಂದಳು.

ಒಲೆಯ ಕಾವಲು ಯಂತ್ರದ ಜೊತೆ ಮಾತ್ರ ಜಗಳ ನಿಂತಿಲ್ಲ;
ಸಾರು ಕುದಿಯುವ ಮೊದಲೇ ಆರಿಸುತ್ತೆ, ಅತ್ತೆಯೇ ವಾಸಿ.
ಒಮ್ಮೆ ನೆಲದ ಮೇಲೆ ಕೂತಿದ್ದಾಗ
ಗೋಡೆಯ ಪೆಟ್ಟಿಗೆ ಕೇಳಿತು: "ಬಿದ್ದಿರಾ?"
"ಇಲ್ಲ. ಅಂಗಿಯ ಗುಂಡಿ ಬಿತ್ತು, ಹುಡುಕುತ್ತಿದ್ದೇನೆ."
ಸಿಕ್ಕಿತಾ ಅಂತ ಅದು ಕೇಳಲಿಲ್ಲ.
ಅದೊಂದು ಕೊರಗು ಅವಳಿಗೆ.

ನವೆಂಬರಿನಲ್ಲಿ ನಿಜವಾಗಿಯೂ ಬಿದ್ದಳು,
ಬಚ್ಚಲ ಬಾಗಿಲಲ್ಲಿ.
ಅದೇ ಪೆಟ್ಟಿಗೆ, ಅದೇ ಪ್ರಶ್ನೆ.
"ಈ ಸಲ ಹೌದು," ಅಂದಳಂತೆ,
ಪಂದ್ಯದಲ್ಲಿ ಎದುರಾಳಿಗೆ ಒಂದು ಅಂಕ ಬಿಟ್ಟುಕೊಟ್ಟವಳ ಹಾಗೆ.
ಹನ್ನೊಂದು ನಿಮಿಷದಲ್ಲಿ ದಾದಿ ಬಂದಳು.

ಜನವರಿ. ನನ್ನ ಫೋನು ಅದುರಿತು:
ಭಾರಿ ಸದ್ದು. ಬಿದ್ದಿರುವ ಸಂಭವ. ಚಲನೆ ಇಲ್ಲ.
ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಓಡಿದೆ.
ಬಾಗಿಲು ತೆರೆದರೆ, ಸ್ವೆಟರು ಒಳಹೊರಗಾಗಿ ತೊಟ್ಟು
ಕಿಟಕಿಯ ಮುಂದೆ ಕಂಬದಂತೆ ನಿಂತಿದ್ದಾಳೆ.
"ಕೋಟೆಯಲ್ಲಿ ತೋಪು ಹಾರಿಸಿದರು. ಎರಡು ತಿಂಗಳಾಯ್ತಲ್ಲ
ಅವನ ಮುಖ ಕಂಡು. ಪಕ್ಕಕ್ಕೆ ಸರಿ, ನೆರಳು ಬೀಳುತ್ತೆ."
ನೀರಿನಂಚಿನಲ್ಲಿ, ತೆಳ್ಳಗೆ, ಕಿತ್ತಳೆ.
ಇಬ್ಬರೂ ಅಲುಗಲಿಲ್ಲ. ಫೋನು ಮತ್ತೆ ಅದುರಿತು: ಚಲನೆ ಇಲ್ಲ.

ಕಾರಣದ ಪಟ್ಟಿ: ಬಿದ್ದದ್ದು, ಸಾಕುಪ್ರಾಣಿ, ಅತಿಥಿ, ಇತರೆ.
ನಾನು ಅತಿಥಿ ಎಂದು ಒತ್ತುತ್ತಿದ್ದಾಗ
ಮೊಣಕೈಗೆ ಮೆತ್ತಿದ ಮಂಜು, ಹರಿದ ತೋಳು
ಕಂಡಿತು ಅವಳಿಗೆ.

"ಬಿದ್ದೆಯಾ?" ಅಂದಳು.