ಎಡಗಡೆಯ ಗಾಜು

ಎಡಗಡೆಯ ಗಾಜು ಅರ್ಧಕ್ಕೇ ಕಚ್ಚಿಕೊಂಡಿತ್ತು,
ಮುಂದಕ್ಕೂ ಸರಿಯದು, ಹಿಂದಕ್ಕೂ ಸರಿಯದು.
ಅಪ್ಪ ಸಂದಿಗೆ ಹಳೇ ಪೇಪರು ತುರುಕಿದ್ದ;
ಬಬಲೇಶ್ವರ ಬರುವುದರೊಳಗೆ ಗಾಳಿ ಅದನ್ನು
ಓದಿ ಮುಗಿಸಿ ಒಗೆದಿತ್ತು.

ಎಳ್ಳಮಾಸಿ ಮುಗಿದ ಮೂರನೇ ದಿನ, ನಸುಕು.
ಓಮ್ನಿಯಲ್ಲಿ ಆರು ಮಂದಿ, ಒಂದೇ ಕಂಬಳಿ,
ಹಬ್ಬದಲ್ಲಿ ಉಳಿದ ಸಜ್ಜಿರೊಟ್ಟಿಯ ಗಂಟು.
"ಪಾಳಿ ಹಚ್ಚೂಣು," ಅಂದಳು ಅವ್ವ,
"ಊರಿಗೊಬ್ಬರು ಆ ಕಿಟಕ್ಯಾಗ ಕೂಡ್ರಿ."
ಬಬಲೇಶ್ವರದ ತನಕ ಅಣ್ಣ ಚಿದಾನಂದ,
ಗಲಗಲಿಯ ತನಕ ನಾನು.
ನನ್ನ ಒಂದು ಕಿವಿ ಅಲ್ಲೇ ಎಲ್ಲೋ ಉಳಿಯಿತು.

ಸೇತುವೆಯ ಮೇಲೆ ಕೃಷ್ಣೆ ಕಾಣಲಿಲ್ಲ.
ಮಂಜಿನೊಳಗೆ ಆಯಿ ಅಂದಾಜಿಗೆ ಕೈಮುಗಿದು
ಎಂಟಾಣೆ ಒಗೆದಳು.
ಕಟಕಟೆಗೆ ಬಡಿದು ಟಣ್ ಅಂದದ್ದಷ್ಟೇ ಕೇಳಿತು,
ನೀರಿಗೆ ಬಿತ್ತೋ ಇಲ್ಲವೋ.

ಮುಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು.
ಮುಧೋಳಕ್ಕಿಂತ ಮೊದಲು ಕಾಕಂಬಿಯ ವಾಸನೆ.
ಅವ್ವನ ಪಾಳಿ ಬರಬೇಕಿತ್ತು;
"ಇನ್ನ ನಂದು," ಅಂದು ಕಸ್ತೂರಿ ಅತ್ತಿ ಸರಿದು ಕೂತಳು.
ಆಮೇಲೆ ಏಳಲಿಲ್ಲ.

ಲೋಕಾಪುರದಲ್ಲಿ ಚಾ.
ರವದಿ ಸುಟ್ಟ ಬೆಂಕಿಗೆ ಡ್ರೈವರುಗಳು ಅಂಗೈ ಹಿಡಿದಿದ್ದರು.
ಅತ್ತಿ ಕಪ್ಪನ್ನು ಎರಡೂ ಕೈಲಿ ಹಿಡಿದಳು, ಕುಡಿಯಲಿಲ್ಲ.
"ಆರತೈತಿ ನೋಡವಾ."
"ಆರ್ಲಿ."

ಯರಗಟ್ಟಿ ದಾಟಿ ಇನ್ನೂ ಮೂರು ಮೈಲಿ, ಆ ಮನೆ.
ಬಾಗಿಲೂ ನಮ್ಮ ಗಾಜಿನಂತೆ ಅರ್ಧ ತೆರೆದಿತ್ತು.
ಹಿರಿಯರು ಬರಲಿ, ಬರಲಿ ಎಂದು ಹೊತ್ತು ಮುಳುಗಿಸಿದರು.
ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಕೇಳಿದ್ದು
ತವರಿನಿಂದ ಒಯ್ದ ಹೊಲಿಗೆ ಮಿಷನ್ ಒಂದೇ.
ಕೊನೆಗೆ ಅದು ಅಂಗಳಕ್ಕೆ ಬಂತು,
ಬೆಲ್ಟಿಲ್ಲ, ಬಾಬಿನ್ ಇಲ್ಲ,
ಮೇಲೆ ಕೋಳಿಯ ಪುಕ್ಕ.
ಅಪ್ಪ ಬಾಯಿ ತೆರೆದ; ಅತ್ತಿ, "ನಡಿಯಣ್ಣಾ," ಅಂದಳು.
ಹೊರಡುವಾಗ ಆಯಿ ಆ ಹೊಸ್ತಿಲ ಮೇಲೆ
ಎರಡು ರೊಟ್ಟಿ ಇಟ್ಟು ಬಂದಳು.
ಯಾಕಿಟ್ಟಳೋ, ಇಂದಿಗೂ ತಿಳಿದಿಲ್ಲ.

ತಿರುಗಿ ಬರುವಾಗ ಮಿಷನ್ ಇಬ್ಬರ ಜಾಗ ಹಿಡಿಯಿತು.
ನಾನೂ ಅಣ್ಣನೂ ಅದರ ಕಾಲುಮಣೆಗೆ ಆತು ಕೂತೆವು.
ಕಬ್ಬಿಣ ನಮ್ಮ ಬೆನ್ನಿನಿಂದ ಬಿಸಿ ಹೀರುತ್ತಿತ್ತು.
ಅತ್ತಿ ಕಂಬಳಿ ಎಳೆದುಕೊಂಡಳು,
ಮಿಷನ್ನಿಗೆ ಹೊದಿಸಿದಳು.
ಯಾರೂ ಏನೂ ಅನ್ನಲಿಲ್ಲ.
ಹಲ್ಲು ಕಟಕಟಿಸುತ್ತಲೇ ಆಯಿ ಅಂದಳು:
"ಹೌದವಾ, ಇಬ್ಬನಿ ಆಗಂಗಿಲ್ಲ ಅದಕ್ಕ."
ರಸ್ತೆ ಕುಣಿದಲ್ಲೆಲ್ಲ ಕಂಬಳಿಯೊಳಗೆ
ಒಂದು ಟಕ್.
ಮತ್ತೆ ಬಹಳ ಹೊತ್ತು ಬರೀ ಗಾಳಿ.

ಮುಧೋಳದ ಪೇಟೆಯಲ್ಲಿ ಅಪ್ಪ ಗಾಡಿ ನಿಲ್ಲಿಸಿ ಹೋದ.
ಬಂದವನು ಹಿಂದೆ ತಿರುಗಿ ನೋಡದೆ
ಹೆಗಲ ಮೇಲಿಂದ ಒಂದು ಪುಡಿಕೆ ಚಾಚಿದ:
ಚರ್ಮದ ಬೆಲ್ಟು, ನಾಲ್ಕು ಬಾಬಿನ್ನು.
"ಎಷ್ಟಾತು?"
"ಬಿಡು."
ಗಲಗಲಿಯ ತನಕ ಅವಳು ಆ ಬಾಬಿನ್ನುಗಳನ್ನು
ಮುಷ್ಟಿಯಲ್ಲಿ ಕಲ್ಲಾಡಿಸಿದಂತೆ ಆಡಿಸುತ್ತಿದ್ದಳು.
ಈ ಸಲ ಹೊಳೆ ಕಂಡಿತು, ತುಸು ಬೆಳ್ಳಗೆ.
ಆಯಿ ನಿದ್ದೆ ಹೋಗಿದ್ದಳು. ಯಾರೂ ಎಬ್ಬಿಸಲಿಲ್ಲ.

ಮನೆಗೆ ಬಂದು ಅತ್ತಿ ಹೊಲಿದ ಮೊದಲ ಹೊಲಿಗೆ
ಕುಪ್ಪಸವಲ್ಲ, ಲಂಗವಲ್ಲ,
ಗೊಬ್ಬರದ ಚೀಲ, ಹಳೇ ರೆಗ್ಝಿನ್ ಕೂಡಿಸಿ
ಓಮ್ನಿಯ ಕಿಟಕಿಗೊಂದು ಪರದೆ, ನಾಲ್ಕು ಗುಂಡಿ.
ಹಚ್ಚಿ ನೋಡಿದರೆ ಒಂದು ಗೇಣು ಕಡಿಮೆ.
"ಅಳತಿ ತಪ್ಪೇತಿ!" ಎಂದು ನಕ್ಕಳು, ಅಷ್ಟು ಜೋರಾಗಿ
ಎದುರು ಮನೆಯ ಹುಸೇನಬಿ ಹೊರಗೆ ಬಂದು ನೋಡಿದಳು.

ಗಾಡಿ ಮಾರುವ ತನಕ ಆ ಪರದೆ ಹಾಗೇ ಇತ್ತು.
ಆ ಒಂದು ಗೇಣಿನಲ್ಲಿ ಗಾಳಿ ಬರುತ್ತಿತ್ತು.
ಅಲ್ಲಿ ಕೂಡಲು ನಾನೂ ಅಣ್ಣನೂ ಜಗಳಾಡುತ್ತಿದ್ದೆವು.